ಡಲ್ಲಾಸಿನ ಸಬರ್ಬಿಗೆ ಬರುವವರಿಗೆ: ಕಾರಿಲ್ಲದ ಹಗಲುಗಳನ್ನು ಕಳೆಯುವುದು ಹೇಗೆ?

ಪ್ಲೇನೋ, ಫ್ರಿಸ್ಕೋ, ಆಲೆನ್, ಮೆಕಿನಿ. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸಿನ ಉತ್ತರಕ್ಕಿರುವ ಈ ಊರುಗಳಲ್ಲಿ ಯಾವುದಕ್ಕೆ ಬಂದಿಳಿದರೂ ಮೊದಲ ವಾರದ ಮಾತು ಒಂದೇ, "ಎಷ್ಟು ಚೊಕ್ಕ, ಎಷ್ಟು ಪ್ರಶಾಂತ!" ಮೂರನೇ ವಾರಕ್ಕೆ ಅದೇ ಬಾಯಿ "ಇಲ್ಲಿ ಒಂದು ನರಪಿಳ್ಳೆನೂ ಕಾಣಿಸಲ್ಲವಲ್ಲ" ಅನ್ನುತ್ತದೆ. ಎರಡೂ ನಿಜ.

ಸದ್ದಿಲ್ಲದಿರುವುದು ಬೇಗ ಅಭ್ಯಾಸವಾಗುತ್ತದೆ. ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಗಂಡ ಆಫೀಸಿನಿಂದ ಬರುವುದನ್ನು ಕಾಯಬೇಕು, ಲೈಬ್ರರಿಗೆ ಹೋಗಬೇಕೆಂದರೆ ಮಗಳ ಮೀಟಿಂಗ್ ಮುಗಿಯಬೇಕು ಅನ್ನುವುದಿದೆಯಲ್ಲ, ಅದು ಅಭ್ಯಾಸವಾಗುವುದಿಲ್ಲ. ಜನ ಅದನ್ನು "ಬೋರು" ಅಂದು ಮುಗಿಸುತ್ತಾರೆ. ನನ್ನ ಪ್ರಕಾರ ಇಲ್ಲಿಗೆ ಬರುವವರು ಒಂದು ಹಟ ಹಿಡಿಯಬೇಕು: ಮನೆಯಲ್ಲಿರುವ ಪ್ರತಿಯೊಬ್ಬರಿಗೂ, ಯಾರನ್ನೂ ಕೇಳದೆ ಹೋಗಿಬರುವ ಜಾಗ ಒಂದಾದರೂ ಇರಬೇಕು. ಮನೆ ಹುಡುಕುವಾಗಿನಿಂದ ಹಿಡಿದು ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವ ತನಕ ಇದೊಂದನ್ನು ನೆನಪಿಟ್ಟುಕೊಂಡರೆ ಮನೆಯ ಅರ್ಧ ಜಗಳ ತಪ್ಪುತ್ತದೆ.

ಊರು ಯಾಕೆ ಹೀಗಿದೆ

2000ರ ಜನಗಣತಿಯಲ್ಲಿ ಫ್ರಿಸ್ಕೋದಲ್ಲಿ ಇದ್ದವರು ಸುಮಾರು 33 ಸಾವಿರ. 2020ಕ್ಕೆ 2 ಲಕ್ಷ ದಾಟಿದ್ದಾರೆ. ಅಂದರೆ ಊರಿನ ಹೆಚ್ಚಿನ ಭಾಗ ಇಪ್ಪತ್ತು ವರ್ಷದಲ್ಲಿ, ಎಲ್ಲರ ಹತ್ತಿರವೂ ಕಾರಿದೆ ಅಂದುಕೊಂಡೇ ಎದ್ದಿದ್ದು. ದೂರದೂರಕ್ಕೆ ಒಂದೊಂದು ಆರು ಲೇನಿನ ರಸ್ತೆ. ಅವುಗಳ ನಡುವೆ ಇಟ್ಟಿಗೆ ಗೋಡೆ ಸುತ್ತಿದ ಲೇಔಟು. ಒಳಗಿನ ಬೀದಿಗಳು ಬಳುಕಿಕೊಂಡು ಹೋಗಿ ಎಲ್ಲೋ ಒಂದು ಕಡೆ ದುಂಡಗೆ ನಿಂತುಬಿಡುತ್ತವೆ, ಮುಂದಕ್ಕೆ ದಾರಿ ಇರುವುದಿಲ್ಲ. ಮನೆಗಳಿರುವ ಕಡೆ ಅಂಗಡಿ ಇಡುವಂತಿಲ್ಲ ಅನ್ನುವುದು ಝೋನಿಂಗ್ ನಿಯಮ. 1926ರಲ್ಲಿ ಓಹಾಯೋದ ಯೂಕ್ಲಿಡ್ ಅನ್ನುವ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು, ಆಮೇಲೆ ದೇಶದ ತುಂಬಾ ಇದೇ ಪದ್ಧತಿ ಹರಡಿತು. ಹಾಗಾಗಿ ಮೂಲೆಯ ಶೆಟ್ಟರ ಅಂಗಡಿಯನ್ನು ಹುಡುಕಬೇಡಿ. ಇಲ್ಲ.

ಇನ್ನೊಂದು ವಿಷಯ, ಪ್ಲೇನೋದ ಎಷ್ಟೋ ಬಡಾವಣೆಗಳಲ್ಲಿ ಗ್ಯಾರೇಜು ಮನೆಯ ಹಿಂದೆ, ಓಣಿಯ ಕಡೆಗಿರುತ್ತದೆ. ಪಕ್ಕದ ಮನೆಯವರು ಹಿಂದಿನಿಂದ ಕಾರಲ್ಲಿ ಬರುತ್ತಾರೆ, ರಿಮೋಟ್ ಒತ್ತುತ್ತಾರೆ, ಬಾಗಿಲು ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಮನುಷ್ಯ ಕಾರಿನಿಂದ ಇಳಿದಿದ್ದನ್ನೇ ನೀವು ನೋಡಿರುವುದಿಲ್ಲ. ಮುಂದಿನ ಬಾಗಿಲು ಅಮೆಜಾನ್ ಡಬ್ಬಕ್ಕೂ ಹ್ಯಾಲೋವೀನ್ ದಿನ ಚಾಕೊಲೇಟ್ ಕೇಳುವ ಮಕ್ಕಳಿಗೂ ಮಾತ್ರ. ಇದನ್ನು ಅಹಂಕಾರ ಅಂದುಕೊಳ್ಳಬೇಡಿ. ಅವರನ್ನು ಮಾತಾಡಿಸಬೇಕೆಂದರೆ ಸಂಜೆ ಹಿಂದಿನ ಓಣಿಯಲ್ಲಿ ಕಸದ ಡಬ್ಬ ಎಳೆಯುವ ಹೊತ್ತಿಗೆ ನೀವೂ ಅಲ್ಲಿರಿ, ಅಷ್ಟೇ.

ಮನೆ ಹುಡುಕುವಾಗ

ಎಲ್ಲರೂ ಶಾಲೆಯ ರೇಟಿಂಗ್ ನೋಡುತ್ತಾರೆ, ಆಫೀಸಿಗೆ ಎಷ್ಟು ನಿಮಿಷ ಅಂತ ನೋಡುತ್ತಾರೆ. ಹಗಲು ಮನೆಯಲ್ಲಿ ಉಳಿಯುವವರ ಲೆಕ್ಕ ಯಾರೂ ಹಾಕುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಆ ಮನೆಯಿಂದ ದಿನಸಿ ಅಂಗಡಿಗೆ, ಲೈಬ್ರರಿಗೆ, ಪಾರ್ಕಿಗೆ ದಾರಿ ಕೇಳಿ. ಕಾರಿನ ಗುರುತಲ್ಲ, ನಡೆಯುವ ಮನುಷ್ಯನ ಗುರುತು ಒತ್ತಿ. ಆಗ ನಿಜ ಬಯಲಾಗುತ್ತದೆ. ಹಿತ್ತಲಿನಿಂದ ಕ್ರೋಗರ್ ಅಂಗಡಿಯ ಬೋರ್ಡ್ ಕಾಣುತ್ತಿರುತ್ತದೆ, ಆದರೆ ನಡುವೆ ಆ ಇಟ್ಟಿಗೆ ಗೋಡೆ. ಲೇಔಟಿನ ಬಾಯಿ ಇನ್ನೊಂದು ಕಡೆಗಿದ್ದರೆ ಸುತ್ತು ಹಾಕಿ ಹೋಗಲು ಅರ್ಧ ಗಂಟೆ. ಅದೇ ಬಾಡಿಗೆಗೆ ಗೋಡೆಯಲ್ಲಿ ಕಿಂಡಿ ಇರುವ ಲೇಔಟು, ಅಂದರೆ ನಡೆಯುವವರಿಗೆ ಅಂತ ಸಣ್ಣ ದಾರಿ ಬಿಟ್ಟ ಲೇಔಟು ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ಹಿಡಿಯಿರಿ. ಅಡುಗೆಮನೆಯ ಗ್ರಾನೈಟ್ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ.

ಮ್ಯಾಪ್ ನೋಡಿದ ಮೇಲೆ ಒಮ್ಮೆ ಹೋಗಿ ನಡೆಯಿರಿ. ಸಂಜೆ ಐದಕ್ಕೆ, ದೊಡ್ಡ ರಸ್ತೆಯ ಸಿಗ್ನಲ್ ದಾಟಿ ನೋಡಿ. ನಿಮ್ಮ ಅಮ್ಮ ಒಬ್ಬರೇ ಇದನ್ನು ದಾಟುತ್ತಾರಾ ಅಂತ ಕೇಳಿಕೊಳ್ಳಿ.

ರೈಲು, ಬಸ್ಸಿನ ವಿಚಾರ. ಡಲ್ಲಾಸ್ ಸುತ್ತಲಿನ ಸಾರಿಗೆ ಸಂಸ್ಥೆ ಡಾರ್ಟ್. ಪ್ಲೇನೋ, ರಿಚರ್ಡ್‌ಸನ್, ಅರ್ವಿಂಗ್ ಅದರ ಸದಸ್ಯ ಊರುಗಳ ಪಟ್ಟಿಯಲ್ಲಿವೆ. ಫ್ರಿಸ್ಕೋ, ಆಲೆನ್, ಮೆಕಿನಿ ಇಲ್ಲ. ಸದಸ್ಯತ್ವದ ಬಗ್ಗೆ ಈಚೆಗೆ ಊರುಗಳಲ್ಲಿ ದೊಡ್ಡ ಚರ್ಚೆಯೇ ನಡೆದಿದೆ, ಆದ್ದರಿಂದ ಲೀಸ್‌ಗೆ ಸಹಿ ಹಾಕುವ ಮುಂಚೆ ಈಗ ಏನಿದೆ ಅಂತ ನೋಡಿಕೊಳ್ಳಿ. ರೆಡ್ ಲೈನ್ ರೈಲು ಡಲ್ಲಾಸಿನಿಂದ ಪ್ಲೇನೋದ ಪಾರ್ಕರ್ ರೋಡ್ ತನಕ ಬರುತ್ತದೆ. ಡಾರ್ಟಿನದೇ ಗೋಲಿಂಕ್ ಅಂತ ಒಂದು ಸೇವೆ ಇದೆ: ಗೊತ್ತುಪಡಿಸಿದ ವಲಯದೊಳಗೆ ಫೋನಿನಲ್ಲಿ ಕರೆದರೆ ಸಣ್ಣ ವ್ಯಾನ್ ಬರುತ್ತದೆ. ಇಲ್ಲಿ ವರ್ಷಗಟ್ಟಲೆ ಇರುವ ನಮ್ಮವರಿಗೇ ಇದು ಗೊತ್ತಿಲ್ಲ, ಯಾಕೆಂದರೆ ಅವರಿಗೆ ಕಾರಿದೆ. ಮನೆ ಆ ವಲಯದೊಳಗೆ ಬಿದ್ದರೆ ಹಗಲು ಮನೆಯಲ್ಲಿರುವವರಿಗೆ ಅರ್ಧ ಬಿಡುಗಡೆ ಸಿಕ್ಕಂತೆ. ಮೊದಲ ವರ್ಷ ಡೌನ್‌ಟೌನ್ ಪ್ಲೇನೋ ಸ್ಟೇಷನ್ ಸುತ್ತ ಅಥವಾ ಲೆಗಸಿ ಕಡೆಯ ಅಪಾರ್ಟ್‌ಮೆಂಟಿನಲ್ಲಿ ಇದ್ದು, ಲೈಸೆನ್ಸ್ ಆದ ಮೇಲೆ ಒಳಗಿನ ಮನೆಗಳ ಕಡೆ ಹೋಗುವುದು ಜಾಣತನ.

ಒಂದು ಸಣ್ಣ ಕೆಲಸ, ಆದರೆ ಮರೆತರೆ ತಿಂಗಳುಗಟ್ಟಲೆ ಒದ್ದಾಟ. ಲೀಸ್‌ನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಹಾಕಿಸಿ. ಕರೆಂಟ್ ಅಥವಾ ಇಂಟರ್ನೆಟ್ ಬಿಲ್ಲನ್ನು ಕೆಲಸಕ್ಕೆ ಹೋಗದವರ ಹೆಸರಿನಲ್ಲಿ ಮಾಡಿಸಿ. ಯಾಕೆ ಅಂತ ಈಗ ಹೇಳುತ್ತೇನೆ.

ಲೈಸೆನ್ಸ್

ಟೆಕ್ಸಾಸಿನಲ್ಲಿ ಲೈಸೆನ್ಸ್ ಕೊಡುವುದು ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆ, ಅಂದರೆ ಡಿಪಿಎಸ್. ಅವರು ಪಾಸ್‌ಪೋರ್ಟ್, ವೀಸಾ ಕಾಗದಗಳ ಜೊತೆಗೆ ವಿಳಾಸಕ್ಕೆ ಎರಡು ದಾಖಲೆ ಕೇಳುತ್ತಾರೆ. ಎಚ್4ನಲ್ಲಿ, ಅಂದರೆ ಕೆಲಸದ ವೀಸಾ ಇರುವವರ ಸಂಗಾತಿಯ ವೀಸಾದಲ್ಲಿ, ಬಂದವರ ಹೆಸರಿನಲ್ಲಿ ಒಂದು ಬಿಲ್ಲೂ ಇಲ್ಲದೆ ಅಲ್ಲೇ ಅಡ್ಡಿಯಾಗುತ್ತದೆ. ಅದಕ್ಕೇ ಮೇಲಿನ ಮಾತು. ಅಪಾಯಿಂಟ್‌ಮೆಂಟನ್ನು ಬಂದ ವಾರವೇ ಆನ್‌ಲೈನಿನಲ್ಲಿ ಹಿಡಿದುಬಿಡಿ, ಓದುವುದು ಆಮೇಲೆ.

ಬರಹದ ಪರೀಕ್ಷೆ 30 ಪ್ರಶ್ನೆ, 70 ಪರ್ಸೆಂಟ್ ಬಂದರೆ ಪಾಸು. ಡಿಪಿಎಸ್‌ನ ಕೈಪಿಡಿ ಓದಿದರೆ ಸಾಕು, ಸುಮ್ನೆ ಆ್ಯಪುಗಳಿಗೆ ದುಡ್ಡು ಕೊಡಬೇಡಿ. ಪಾಸಾದ ಮೇಲೆ ಕಲಿಯುವವರ ಪರ್ಮಿಟ್ ಸಿಗುತ್ತದೆ. ಪಕ್ಕದ ಸೀಟಿನಲ್ಲಿ 21 ದಾಟಿದ, ಲೈಸೆನ್ಸ್ ಇರುವವರು ಕೂತಿರಬೇಕು. ಓಡಿಸುವ ಪರೀಕ್ಷೆಗೆ ಮುಂಚೆ ಇಂಪ್ಯಾಕ್ಟ್ ಟೆಕ್ಸಾಸ್ ಅನ್ನುವ ಉಚಿತ ವಿಡಿಯೋ ನೋಡಿ ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು, ಅದು 90 ದಿನ ನಡೆಯುತ್ತದೆ. ಡಿಪಿಎಸ್ ಆಫೀಸಿನಲ್ಲಿ ಓಡಿಸುವ ಪರೀಕ್ಷೆಗೆ ಕಾಯಬೇಕಾದರೆ, ಪರೀಕ್ಷೆ ಮಾಡಲು ಅನುಮತಿ ಇರುವ ಖಾಸಗಿ ಡ್ರೈವಿಂಗ್ ಸ್ಕೂಲುಗಳಿವೆ. ಸ್ವಲ್ಪ ಖರ್ಚು, ಆದರೆ ಬೇಗ ಆಗುತ್ತದೆ. ಪ್ಯಾರಲಲ್ ಪಾರ್ಕಿಂಗ್ ಇದ್ದೇ ಇರುತ್ತದೆ.

ಕಲಿಯಲು ಚರ್ಚಿನ ಪಾರ್ಕಿಂಗ್ ಜಾಗಗಳು ಬಹಳ ಒಳ್ಳೆಯವು. ವಾರದ ದಿನಗಳಲ್ಲಿ ಮೈದಾನದಂತೆ ಖಾಲಿ. ಭಾನುವಾರ ಬೆಳಿಗ್ಗೆ ಮಾತ್ರ ಆ ಕಡೆ ತಲೆ ಹಾಕಬೇಡಿ! ಗಂಡನಿಂದ ಕಲಿಯುವುದೋ ಇನ್ಸ್‌ಟ್ರಕ್ಟರ್ ಹತ್ತಿರ ಕಲಿಯುವುದೋ ಅಂತ ಎಲ್ಲರೂ ಕೇಳುತ್ತಾರೆ. ಇನ್ಸ್‌ಟ್ರಕ್ಟರ್. ಮದುವೆ ಉಳಿಯಬೇಕಲ್ಲ.

ಭಾರತದಲ್ಲಿ ಹತ್ತು ವರ್ಷ ಕಾರು ಓಡಿಸಿದವರೂ ಇಲ್ಲಿ ಎಡವುವ ಜಾಗ ಎರಡು. ಒಂದು, ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಕೂಡುರಸ್ತೆ. ಯಾರು ಮೊದಲು ಬಂದು ನಿಂತರೋ ಅವರು ಮೊದಲು ಹೋಗಬೇಕು. ನಾವು "ನೀವು ಹೋಗಿ, ನೀವು ಹೋಗಿ" ಅಂತ ಕೈ ಸನ್ನೆ ಮಾಡುತ್ತಾ ನಿಂತರೆ ಎಲ್ಲರಿಗೂ ಗೊಂದಲ. ಎರಡು, ಹಳದಿ ಸ್ಕೂಲ್ ಬಸ್. ಅದು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರು ಮಾತ್ರವಲ್ಲ, ಎದುರಿನಿಂದ ಬರುವವರೂ ನಿಲ್ಲಬೇಕು. ನಡುವೆ ಹುಲ್ಲಿನದೋ ಕಾಂಕ್ರೀಟಿನದೋ ಮೀಡಿಯನ್ (ನಮ್ಮ ಡಿವೈಡರ್) ಇದ್ದರೆ ಮಾತ್ರ ಎದುರಿನವರಿಗೆ ವಿನಾಯಿತಿ. ಎಡಕ್ಕೆ ತಿರುಗುವ ಲೇನು ಇದ್ದರೆ ಅದು ಮೀಡಿಯನ್ ಅಲ್ಲ. ಮೊದಲ ಸಲಕ್ಕೇ ದಂಡ 500ರಿಂದ 1,250 ಡಾಲರ್.

ಹೈವೇ ಭಯ ಇರುವವರಿಗೆ ಒಂದು ಸಮಾಧಾನದ ಮಾತು. ಪ್ಲೇನೋದಲ್ಲಿ ಹೈವೇ ಹತ್ತದೇ ಬದುಕಬಹುದು. ಕಾಯ್ಟ್, ಕಸ್ಟರ್, ಪ್ರೆಸ್ಟನ್, ಪಾರ್ಕರ್, ಲೆಗಸಿ ಈ ಐದು ರಸ್ತೆ ಬಂದರೆ ಅಂಗಡಿ, ಲೈಬ್ರರಿ, ಡಾಕ್ಟರು ಎಲ್ಲ ಸಿಗುತ್ತದೆ. (ಪ್ರೆಸ್ಟನ್ ರಸ್ತೆ ಹಿಂದೆ ದನದ ಮಂದೆಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ಶಾನಿ ಟ್ರೇಲ್ ದಾರಿ. ಈಗಲೂ ಸಂಜೆ ಆರಕ್ಕೆ ಅದೇ ವೇಗ.) ಮ್ಯಾಪಿನಲ್ಲಿ ಹೈವೇ ಬೇಡ, ಟೋಲ್ ಬೇಡ ಅನ್ನುವ ಆಯ್ಕೆ ಒತ್ತಿಟ್ಟುಬಿಡಿ. ಟೋಲ್ ರಸ್ತೆಗಳಲ್ಲಿ ಹಣ ಕಟ್ಟುವ ಬೂತೇ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟು ಹಿಡಿಯುತ್ತದೆ. ನಮ್ಮ ಫಾಸ್ಟ್ಯಾಗ್ ಥರದ ಟೋಲ್‌ಟ್ಯಾಗ್ ಇಲ್ಲದಿದ್ದರೆ ಜಾಸ್ತಿ ದರದ ಬಿಲ್ಲು ಮನೆಗೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. ವೀಸಾ ಮೇಲಿರುವವರ ಲೈಸೆನ್ಸ್, ಇಲ್ಲಿ ಇರಲು ಅನುಮತಿ ಇರುವ ದಿನದ ತನಕ ಮಾತ್ರ. ಎಚ್4 ಎಕ್ಸ್‌ಟೆನ್ಷನ್ ತಡವಾದರೆ ಲೈಸೆನ್ಸೂ ತೂಗಾಡುತ್ತದೆ. ಮುಗಿಯುವ ತಾರೀಕನ್ನು ಫೋನಿನಲ್ಲಿ ಹಾಕಿಟ್ಟುಕೊಂಡು ತಿಂಗಳುಗಳ ಮುಂಚೆಯೇ ವಕೀಲರ ಹಿಂದೆ ಬೀಳಿ.

ಒಂದೇ ಕಾರಿದ್ದರೆ

ಎರಡನೇ ಕಾರಿಗೆ ಆತುರ ಬೇಡ, ಇನ್ಶೂರೆನ್ಸೇ ಕೈ ಸುಡುತ್ತದೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಬೆಳಿಗ್ಗೆ ಗಂಡನನ್ನೋ ಹೆಂಡತಿಯನ್ನೋ ಆಫೀಸಿಗೆ ಬಿಟ್ಟು, ಸಂಜೆ ತನಕ ಕಾರು ಮನೆಯಲ್ಲಿರುವವರದು. "ಬೇಕಾದಾಗ ಕೇಳು, ಕೊಡುತ್ತೇನೆ" ಅನ್ನುವ ಏರ್ಪಾಡು ನಡೆಯುವುದಿಲ್ಲ. ಕೇಳುವುದೇ ತಾನೇ ಕಷ್ಟ? ದಿನ ಗೊತ್ತಾದರೆ ಕೇಳುವುದೇ ಇಲ್ಲ. ತೆಂಗಿನಕಾಯಿ ತುರಿ ಫ್ರೋಜನ್ ಸಿಗುತ್ತದೆ, ಕರಿಬೇವು ತೊಳೆದು ಒರೆಸಿ ಫ್ರೀಜರಿನಲ್ಲಿಟ್ಟರೆ ವಾರಗಟ್ಟಲೆ ಬರುತ್ತದೆ. ಬೇಕಾದ ಸಾಮಾನು ತಪ್ಪಿದರೆ ಮನೆಗೆ ತಂದುಕೊಡುವ ಇನ್‌ಸ್ಟಾಕಾರ್ಟ್ ಇದೆ. ಆದರೆ ಎಲ್ಲವನ್ನೂ ಮನೆಗೇ ತರಿಸುವ ಚಟ ಹತ್ತಿಸಿಕೊಳ್ಳಬೇಡಿ. ಅಂಗಡಿಗೆ ಹೋಗುವ ನೆಪ ಒಂದಾದರೂ ಉಳಿದಿರಲಿ.

ನಡೆಯುವವರಿಗೆ

ಲೇಔಟುಗಳ ಒಳಗೆ ಫುಟ್‌ಪಾತ್ ಚೆನ್ನಾಗಿರುತ್ತದೆ. ಅಪಾಯ ಇರುವುದು ದೊಡ್ಡ ಸಿಗ್ನಲಿನಲ್ಲಿ. ಇಲ್ಲಿ ಕೆಂಪು ದೀಪ ಇದ್ದರೂ, ನಿಂತು ನೋಡಿ ಬಲಕ್ಕೆ ತಿರುಗಬಹುದು. ಹಾಗೆ ತಿರುಗುವವನು ಎಡದಿಂದ ಬರುವ ಕಾರುಗಳನ್ನೇ ನೋಡುತ್ತಿರುತ್ತಾನೆ, ಬಲಗಡೆ ಫುಟ್‌ಪಾತಿನಿಂದ ಕೆಳಗಿಳಿದ ನಿಮ್ಮನ್ನು ನೋಡುವುದೇ ಇಲ್ಲ. ನಿಮಗೆ ನಡೆಯುವ ಗುರುತು ಬಿದ್ದಿದ್ದರೂ ಡ್ರೈವರಿನ ಮುಖ ನಿಮ್ಮ ಕಡೆ ತಿರುಗುವ ತನಕ ಕೆಳಗೆ ಇಳಿಯಬೇಡಿ. ಕಂಬದ ಗುಂಡಿ ಒತ್ತದಿದ್ದರೆ ಎಷ್ಟೋ ಕಡೆ ನಡೆಯುವ ಗುರುತು ಬರುವುದೇ ಇಲ್ಲ. ನಮ್ಮೂರಿನಂತೆ ಕೈ ತೋರಿಸಿ ನುಗ್ಗುವುದು ಇಲ್ಲಿ ಆಗದ ಮಾತು, ಕಾರುಗಳು 45 ಮೈಲಿ ವೇಗದಲ್ಲಿರುತ್ತವೆ ಮತ್ತು ಯಾರೂ ಹಾರ್ನ್ ಮಾಡುವುದಿಲ್ಲ.

ಒಳ್ಳೆಯ ಸುದ್ದಿ ಎಂದರೆ ಟ್ರೇಲುಗಳು, ಅಂದರೆ ಕಾರು ಬರದ ನಡೆದಾರಿಗಳು. ಪ್ಲೇನೋದ ಬ್ಲೂಬಾನೆಟ್ ಟ್ರೇಲ್ ಹೈಟೆನ್ಷನ್ ವಿದ್ಯುತ್ ಗೋಪುರಗಳ ಕೆಳಗಿನ ಖಾಲಿ ಪಟ್ಟಿಯಲ್ಲಿ ಪೂರ್ವ ಪಶ್ಚಿಮವಾಗಿ ಸಾಗುತ್ತದೆ. ನೋಟ ಅಂಥದ್ದೇನಲ್ಲ, ಆದರೆ ದಾರಿ ಉದ್ದ, ಸಂಜೆ ಜನ ಇರುತ್ತಾರೆ. ತೊರೆಯ ಪಕ್ಕದ ಚಿಜಮ್ ಟ್ರೇಲಿನಲ್ಲಿ ನೆರಳಿದೆ. ನಸುಕಿನಲ್ಲಿ ನರಿಯಂಥ ಕಯೋಟಿಗಳು ಓಡಾಡುತ್ತವೆ, ಕಂಡರೆ ಓಡದೆ ಜೋರಾಗಿ ಕೂಗಿ ಹೆದರಿಸಿ. ಜುಲೈ, ಆಗಸ್ಟಿನಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಆಗ ಬೆಳಿಗ್ಗೆ ಎಂಟರೊಳಗೆ ವಾಕಿಂಗ್ ಮುಗಿಸಬೇಕು.

ಅಪ್ಪ ಅಮ್ಮ ಬಂದಾಗ

ಪ್ರವಾಸಿ ವೀಸಾದಲ್ಲಿ ಬಂದವರಿಗೆ ಇರಲು ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಮೊಮ್ಮಕ್ಕಳ ರಜೆ ಅಂತ ಜೂನಿಗೆ ಕರೆಸುತ್ತಾರೆ, ಅದು ಬೇಡ. ಬಿಸಿಲಿಗೆ ಹೊರಗೆ ಕಾಲಿಡಲಾಗದೆ ಮನೆಯೊಳಗೇ ಕೂರಬೇಕಾಗುತ್ತದೆ. ಸೆಪ್ಟೆಂಬರಿನಿಂದ ಮಾರ್ಚ್ ಒಳ್ಳೆಯದು: ದಸರಾ, ದೀಪಾವಳಿ ಸಿಗುತ್ತವೆ, ನಡೆಯುವ ಹವೆ ಇರುತ್ತದೆ. ಚಳಿಗಾಲದಲ್ಲಿ ಕೆಲವು ದಿನ ರಸ್ತೆ ಹಿಮಗಟ್ಟಿ ಎಲ್ಲ ನಿಂತುಹೋಗಬಹುದು. 2021ರ ಫೆಬ್ರವರಿಯಲ್ಲಿ ಎಷ್ಟೋ ಮನೆಗಳಲ್ಲಿ ದಿನಗಟ್ಟಲೆ ಕರೆಂಟೇ ಇರಲಿಲ್ಲ. ಆದ್ದರಿಂದ ಅವರ ಮಾತ್ರೆಗಳು, ಕುಡಿಯುವ ನೀರು, ದಪ್ಪ ಹೊದಿಕೆ ಮನೆಯಲ್ಲಿರಲಿ.

ಬಂದ ಎರಡು ಮೂರು ದಿನದಲ್ಲಿ ಮನೆಯನ್ನು ಕಲಿಸಿ. ಮೊದಲು ಗ್ಯಾರೇಜಿನ ಹೊರಗಿರುವ ಕೀಪ್ಯಾಡ್ ನಂಬರು. ವಾಕಿಂಗ್ ಹೋದಾಗ ಮುಂಬಾಗಿಲು ತಾನೇ ಲಾಕ್ ಆದರೂ ಅವರು ಒಳಗೆ ಬರುತ್ತಾರೆ, ನಿಮಗೆ ಫೋನ್ ಮಾಡಬೇಕಿಲ್ಲ. ಆಮೇಲೆ ಅಲಾರಂ: ನೀವು ಅದನ್ನು ಆನ್ ಮಾಡಿ ಆಫೀಸಿಗೆ ಹೋಗಿರುತ್ತೀರಿ, ಅಮ್ಮ ತುಳಸಿಗೆ ನೀರು ಹಾಕಲು ಹಿಂಬಾಗಿಲು ತೆಗೆಯುತ್ತಾರೆ, ಮನೆಯೆಲ್ಲ ಕಿರುಚಿಕೊಳ್ಳುತ್ತದೆ. ಒಗ್ಗರಣೆಯದೂ ಇದೇ ಕಥೆ. ಎಷ್ಟೋ ಮನೆಗಳಲ್ಲಿ ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಮೇಲಿನಿಂದ ಮತ್ತೆ ಅಡುಗೆಮನೆಗೇ ಊದುತ್ತದೆ. ಒಣಮೆಣಸಿನಕಾಯಿ ಹಾಕುವ ಮುಂಚೆ ಹಿತ್ತಲ ಬಾಗಿಲು ತೆರೆದಿಡುವ ರೂಢಿ ಮಾಡಿಸಿ. ಮೇಲೆ ಎಲ್ಲೋ ಅರೆಗಳಿಗೆಗೊಮ್ಮೆ "ಚಿಕ್" ಅಂತ ಸದ್ದು ಬಂದರೆ ಹಕ್ಕಿಯಲ್ಲ, ಸ್ಮೋಕ್ ಅಲಾರಮ್ಮಿನ ಬ್ಯಾಟರಿ ಮುಗಿದಿದೆ ಅಂತ ಮೊದಲೇ ಹೇಳಿಡಿ.

ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಊರಿನ ಸೈರನ್ ಕೂಗುತ್ತದೆ. ಸುಂಟರಗಾಳಿ ಎಚ್ಚರಿಕೆಯ ಸೈರನ್ನು ಪರೀಕ್ಷೆ ಮಾಡುವ ಹೊತ್ತದು. ಹೇಳದಿದ್ದರೆ ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ನಡುಗಿಹೋಗುತ್ತಾರೆ. ಬೇರೆ ಹೊತ್ತಿನಲ್ಲಿ, ಮೋಡ ಕಟ್ಟಿದಾಗ ಕೂಗಿದರೆ ಮಾತ್ರ ಕಿಟಕಿ ಇಲ್ಲದ ಒಳಕೋಣೆಗೆ ಹೋಗಬೇಕು. ಯಾವ ಕೋಣೆ ಅಂತ ತೋರಿಸಿಟ್ಟಿರಿ.

ಪೂಜೆಯ ಹೂವಿನ ವಿಷಯ ಮುಜುಗರವಾದರೂ ಹೇಳಲೇಬೇಕು. ಬೆಳಿಗ್ಗೆ ಕೈಯಲ್ಲಿ ಕವರು ಹಿಡಿದು, ಕಾಂಪೌಂಡಿನಿಂದಾಚೆ ಬಾಗಿದ ಗಿಡದಿಂದ ನಾಲ್ಕು ಹೂ ಬಿಡಿಸುವುದು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಜಗಳದ ಮಟ್ಟದಲ್ಲೇ ಮುಗಿಯುತ್ತದೆ. ಇಲ್ಲಿ ಕಾಂಪೌಂಡ್ ಇಲ್ಲ, ಹುಲ್ಲು ನೇರ ಫುಟ್‌ಪಾತಿಗೆ ಬಂದಿರುತ್ತದೆ, ಗುಲಾಬಿ ಕೈಗೆ ಸಿಗುವಂತೆ ನಿಂತಿರುತ್ತದೆ. ಆದರೆ ಬಾಗಿಲಿನ ಕ್ಯಾಮೆರಾ ಎಲ್ಲವನ್ನೂ ನೋಡುತ್ತಿರುತ್ತದೆ, ಆ ವಿಡಿಯೋ ಬಡಾವಣೆಯ ಗುಂಪಿನಲ್ಲಿ ಓಡಾಡುತ್ತದೆ. ಬೈದು ನಿಲ್ಲಿಸುವ ಬದಲು ಹೋಮ್ ಡಿಪೋ ಅಂಗಡಿಯಿಂದ ಎರಡು ದಾಸವಾಳದ ಕುಂಡ ತಂದು ಹಿತ್ತಲಲ್ಲಿಡಿ. ಚಳಿ ಬಿದ್ದಾಗ ಕುಂಡವನ್ನು ಗ್ಯಾರೇಜಿಗೆ ಎತ್ತಿಡುವ ಕೆಲಸವನ್ನೂ ಅವರಿಗೇ ಕೊಡಿ.

ಬಾಗಿಲಿಗೆ ತೋರಣ ಕಟ್ಟಿದರೆ ಬಡಾವಣೆಯ ಮನೆಮಾಲೀಕರ ಸಂಘ, ಅಂದರೆ ಎಚ್‌ಒಎ ತಗಾದೆ ಮಾಡುತ್ತದಾ ಅಂತ ಕೆಲವರು ಹೆದರುತ್ತಾರೆ. ಮನೆಮುಂದೆ ಧಾರ್ಮಿಕ ಗುರುತು ಇಟ್ಟುಕೊಳ್ಳಲು ಟೆಕ್ಸಾಸ್ ಕಾನೂನಿನಲ್ಲೇ ರಕ್ಷಣೆ ಇದೆ, ಧೈರ್ಯವಾಗಿ ಕಟ್ಟಿ. ಹುಲ್ಲು ಬೆಳೆದರೆ ಮಾತ್ರ ನೋಟಿಸ್ ಬರುವುದು ಖಂಡಿತ.

ಕೆಲಸ ಕೊಡಿ ಅಂದೆನಲ್ಲ, ಅದು ಮುಖ್ಯ. ಹೊಸ ಲೇಔಟುಗಳಲ್ಲಿ ಅಂಚೆ ಪೆಟ್ಟಿಗೆ ಬೀದಿಯ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಕಡೆ ಇರುತ್ತದೆ. ಅದರ ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟುಬಿಡಿ. ದಿನಾ ಒಂದು ಸುತ್ತು, ಅಲ್ಲಿ ಇನ್ನೊಬ್ಬರು ಯಾರಾದರೂ ಸಿಗುತ್ತಾರೆ. ಅವರೂ ಮಗನ ಮನೆಗೆ ಬಂದ ವಾರಂಗಲ್ಲಿನವರೋ ಕೊಯಮತ್ತೂರಿನವರೋ ಆಗಿರುತ್ತಾರೆ, ಭಾಷೆ ಬರದಿದ್ದರೂ ಸಕ್ಕರೆ ಕಾಯಿಲೆಯ ಮಾತ್ರೆ ವಿಷಯ ಮಾತಾಡಲು ಯಾರಿಗೂ ತೊಂದರೆಯಾಗಿದ್ದಿಲ್ಲ. ಕಸದ ಡಬ್ಬ ಇಡುವುದೂ ಅವರಿಗೇ ಇರಲಿ.

ಲೈಬ್ರರಿಗಳನ್ನು ನಮ್ಮವರು ಬಳಸುವುದು ಕಡಿಮೆ. ಫ್ರಿಸ್ಕೋದ ಲೈಬ್ರರಿ 2023ರಲ್ಲಿ ದೊಡ್ಡ ಕಟ್ಟಡಕ್ಕೆ ಹೋಯಿತು, ಒಳಗೆ ನಿಜವಾದ ಅಳತೆಯ ಟಿ-ರೆಕ್ಸ್ ಡೈನೋಸಾರ್ ಪ್ರತಿಕೃತಿ ನಿಂತಿದೆ. ಪ್ಲೇನೋದಲ್ಲಿ ಹ್ಯಾಗರ್ಡ್, ಪಾರ್, ಡೇವಿಸ್ ಸೇರಿ ಐದು ಶಾಖೆಗಳಿವೆ. ಏಸಿ ಇದೆ, ಕುರ್ಚಿ ಇದೆ, ಎಷ್ಟು ಹೊತ್ತು ಕೂತರೂ ಯಾಕೆ ಅಂತ ಕೇಳುವವರಿಲ್ಲ. ಇಂಗ್ಲಿಷ್ ಮಾತಾಡುವ ಅಭ್ಯಾಸದ ಉಚಿತ ತರಗತಿಗಳು ನಡೆಯುತ್ತವಾ ಅಂತ ವಿಚಾರಿಸಿ. ಅಮ್ಮನಿಗೆ ಒಂದು ಊಬರ್ ಹೋಗಿಬರುವುದನ್ನು ಅಲ್ಲಿಂದಲೇ ಶುರು ಮಾಡಿಸಿ. ಮೊದಲ ಸಲ ನಿಮ್ಮ ಫೋನಿನಿಂದ ಬುಕ್ ಮಾಡಿ ಜೊತೆಯಲ್ಲಿ ಹೋಗಿ. ಎರಡನೇ ಸಲ ಅವರೇ ಹತ್ತಲಿ, ನೀವು ಮ್ಯಾಪಿನಲ್ಲಿ ನೋಡುತ್ತಿರಿ. ಕಾರಿನ ನಂಬರು ಹೊಂದಿಸಿ ನೋಡಿಯೇ ಹತ್ತಬೇಕು ಅನ್ನುವುದು, ಮನೆ ವಿಳಾಸ ಬರೆದ ಚೀಟಿ ಪರ್ಸಿನಲ್ಲಿರಬೇಕು ಅನ್ನುವುದು, ತುರ್ತಿಗೆ 911, ಇಷ್ಟು ಗೊತ್ತಿದ್ದರೆ ಸಾಕು.

ವಾರಾಂತ್ಯಕ್ಕೆ ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಂತನ ಗುಡಿ ಇದೆ, ಮಲ್ಲಿಗೆ ಕನ್ನಡ ಸಂಘದ ಕಾರ್ಯಕ್ರಮಗಳಿವೆ. ಅಲ್ಲಿ ಸಿಕ್ಕ ಇನ್ನೊಂದು ಜೋಡಿ ಅಪ್ಪ ಅಮ್ಮನ ಫೋನ್ ನಂಬರ್ ತೆಗೆದುಕೊಳ್ಳದೆ ಬರಬೇಡಿ. ಅವರ ಮನೆ ನಿಮ್ಮ ಮನೆಯಿಂದ ಎಷ್ಟು ದೂರ, ನಡುವೆ ದೊಡ್ಡ ರಸ್ತೆ ದಾಟಬೇಕಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ನಡೆಯುವ ದೂರದಲ್ಲಿದ್ದರೆ ಮಂಗಳವಾರ ಬೆಳಿಗ್ಗೆ ಕಾಫಿಗೆ ಬನ್ನಿ ಅಂತ ನೀವೇ ಕರೆದುಬಿಡಿ, ವಾರದ ದಿನವೇ ಆಗಲಿ, ನೀವು ಮನೆಯಲ್ಲಿರಬೇಕಿಲ್ಲ. ಲೇಔಟಿಗೆ ಗೇಟಿದ್ದರೆ ಕೋಡನ್ನೂ ವಿಳಾಸದ ಜೊತೆಗೇ ಕಳಿಸಿ.